ಧ್ವನಿಯ ತುಣುಕುಗಳ ವಿಭಜನೆ : ವಿಡಿಯೊ ಸಂಕಲನದಲ್ಲಿ ಒಂದು ಪಾಠ

ಮುಂಬಯಿ ನಗರದ ಗ್ರಾಂಟ್ ರೋಡ್ ರೈಲು ನಿಲ್ದಾಣಕ್ಕೆ ಅನತಿ ದೂರದಲ್ಲಿ, ಪಶ್ಚಿಮ ರೈಲ್ವೆಯ ಹಳಿಗಳ ಮೇಲೆ ಹಾದುಹೋಗುವ ಕೆನಡಿ ಸೇತುವೆಯ ಬಳಿ, ಒಂದು ಕಾಲದಲ್ಲಿ ಜ್ಯೋತಿ ಸ್ಟುಡಿಯೊ ಎಂಬ ಚಿತ್ರೀಕರಣ ಕೇಂದ್ರವಿತ್ತು. ಭಾರತದ ಮೊದಲನೆಯ ವಾಕ್ಚಿತ್ರವಾದ 'ಆಲಂ ಆರಾ' ಚಿತ್ರವನ್ನು ಇಂಪೀರಿಯಲ್ ಸಂಸ್ಥೆಯ ಅರ್ದೇಶಿರ್ ಇರಾನಿ ಅವರು ಇಲ್ಲಿಯೇ ತಯಾರಿಸಿದರು. ಅದು 1931ನೆಯ ಇಸವಿ ಮಾರ್ಚ್ 14ರಂದು ಗಿರಗಾಂವದ ಮೆಜೆಸ್ಟಿಕ್ ಚಿತ್ರಮಂದಿರದಲ್ಲಿ ತೆರೆಕಂಡಿತು. ಸ್ಟುಡಿಯೊಕ್ಕೆ ಶಬ್ದ ನಿರೋಧಕ ಗೋಡೆಗಳಿರಲಿಲ್ಲ. ಪಕ್ಕದಲ್ಲಿಯೇ ರೈಲುಗಳ ಸದ್ದು. ಆದುದರಿಂದ ರೈಲುಗಳ ಓಡಾಟ ನಿಂತ ಮೇಲೆ, ನಡುರಾತ್ರಿ ಕಳೆದು ಬೆಳಗಿನ ಜಾವದ ಒಳಗೆ ಚಿತ್ರೀಕರಣ ನಡೆಸಬೇಕಾಯಿತು. ಮೈಕ್ರೊಫೋನುಗಳನ್ನು ನಟನಟಿಯರ ಸಮೀಪದಲ್ಲಿ, ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಅಡಗಿಸಿಡಲಾಗುತ್ತಿತ್ತು.

ಇಂದು ಮನೆಯ ಕಂಪ್ಯೂಟರಿನಲ್ಲಿ ಕುಳಿತು, ಒಂದು ಕೀಲಿಯನ್ನು ಒತ್ತಿ ಧ್ವನಿಯನ್ನು ಎರಡಾಗಿ ವಿಭಜಿಸಬಲ್ಲ ವಿದ್ಯಾರ್ಥಿಗೆ, ಅಂದಿನ ಆ ರಾತ್ರಿಗಳ ಶ್ರಮದ ಕಾರಣವನ್ನು ತಿಳಿದುಕೊಳ್ಳುವುದು ಅಗತ್ಯ. ಏಕೆಂದರೆ ಅಂದು ಧ್ವನಿಯನ್ನು ಚಿತ್ರದಿಂದ ಬೇರ್ಪಡಿಸುವುದು ಸಾಧ್ಯವಿರಲಿಲ್ಲ. ಇಂದು ಅದು ಸುಲಭಸಾಧ್ಯ. ಆದರೆ ಸುಲಭವಾದ ಕೆಲಸವೆಲ್ಲವೂ ಸರಿಯಾಗಿಯೇ ನಡೆಯುತ್ತದೆ ಎನ್ನುವಂತಿಲ್ಲ. ಎಲ್ಲಿ ವಿಭಜಿಸಬೇಕು, ಏಕೆ ವಿಭಜಿಸಬೇಕು, ಎಲ್ಲಿ ವಿಭಜಿಸಲೇಬಾರದು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ನೀಡುವುದು ಈ ಪಾಠದ ಉದ್ದೇಶವಾಗಿದೆ.

ಒಂದೇ ಪಟ್ಟಿಯಲ್ಲಿ ಎರಡು ದಾಖಲೆ

'ಆಲಂ ಆರಾ' ಚಿತ್ರಕ್ಕೆ ಬಳಸಿದ ತಾನಾರ್ ಯಂತ್ರವು ಚಿತ್ರವನ್ನೂ ಧ್ವನಿಯನ್ನೂ ಒಂದೇ ಫಿಲ್ಮಿನ ಮೇಲೆ ಒಟ್ಟಿಗೆ ದಾಖಲಿಸುತ್ತಿತ್ತು. ಫಿಲ್ಮಿನ ಒಂದು ಅಂಚಿನಲ್ಲಿ ಕಿರಿದಾದ ಧ್ವನಿಪಥ, ಉಳಿದ ಅಗಲದಲ್ಲಿ ಚಿತ್ರದ ಚೌಕಟ್ಟುಗಳು. ಮೇಲುನೋಟಕ್ಕೆ ಇದು ಅನುಕೂಲಕರವಾದ ವ್ಯವಸ್ಥೆಯೆಂದು ತೋರಬಹುದು. ಆದರೆ ಇದರಲ್ಲಿ ಒಂದು ತೊಡಕಿದೆ.

ಚಿತ್ರದ ಫಿಲ್ಮು ಮಸೂರದ ಮುಂದೆ ಪ್ರತಿಯೊಂದು ಚೌಕಟ್ಟಿಗೂ ಒಮ್ಮೆ ನಿಂತು ಮುಂದೆ ಸಾಗಬೇಕು. ಸೆಕೆಂಡಿಗೆ 24 ಬಾರಿ ಹೀಗೆ ನಿಂತು ನಿಂತು ಚಲಿಸುತ್ತದೆ. ಧ್ವನಿಗೆ ಮಾತ್ರ ತಡೆಯಿಲ್ಲದ, ಸಮನಾದ ಚಲನೆ ಬೇಕು. ಒಂದೇ ಸ್ಥಳದಲ್ಲಿ ಈ ಎರಡೂ ನಡೆಯಲಾರವು. ಆದುದರಿಂದ ಪ್ರದರ್ಶನ ಯಂತ್ರದಲ್ಲಿ ಧ್ವನಿಯನ್ನು ಓದುವ ಭಾಗವನ್ನು ಚಿತ್ರದ ಕಿಂಡಿಯಿಂದ ಸ್ವಲ್ಪ ದೂರದಲ್ಲಿ ಇರಿಸಲಾಗುತ್ತದೆ. 35 ಮಿಲಿಮೀಟರ್ ಫಿಲ್ಮಿನಲ್ಲಿ ಯಾವುದೇ ಚಿತ್ರಕ್ಕೆ ಸೇರಿದ ಧ್ವನಿಯು ಆ ಚಿತ್ರಕ್ಕಿಂತ ಸುಮಾರು 20 ಚೌಕಟ್ಟುಗಳಷ್ಟು ಮುಂದಿರುತ್ತದೆ. ಕಾಲದ ಲೆಕ್ಕದಲ್ಲಿ ಇದು ಮುಕ್ಕಾಲು ಸೆಕೆಂಡಿಗಿಂತ ಹೆಚ್ಚು.

ಇದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಚಿತ್ರ ಮುಗಿಯುವ ಕಡೆ ಕತ್ತರಿ ಹಾಕಿದರೆ, ಅದೇ ಜಾಗದಲ್ಲಿರುವ ಧ್ವನಿ ಬೇರೆಯೇ ಕ್ಷಣಕ್ಕೆ ಸೇರಿದ್ದಾಗಿರುತ್ತದೆ. ನಟನ ತುಟಿ ಮುಚ್ಚಿದ ಮೇಲೆ ಮಾತು ತುಂಡಾಗುತ್ತದೆ, ಇಲ್ಲವೇ ಹಿಂದಿನ ದೃಶ್ಯದ ಕೊನೆಯ ಪದ ಮುಂದಿನ ದೃಶ್ಯದ ಮುಖಕ್ಕೆ ಅಂಟಿಕೊಳ್ಳುತ್ತದೆ. ನಡುವೆ ರೈಲಿನ ಕೂಗು ಸೇರಿಕೊಂಡರೆ ಅದನ್ನು ಮಾತ್ರ ತೆಗೆದುಹಾಕುವ ಮಾರ್ಗವಿಲ್ಲ. ಇಡೀ ದೃಶ್ಯವನ್ನು ಮತ್ತೊಮ್ಮೆ ಚಿತ್ರೀಕರಿಸಬೇಕು. ಗ್ರಾಂಟ್ ರೋಡಿನ ಕಲಾವಿದರು ನಿದ್ದೆಗೆಟ್ಟದ್ದು ಈ ಕಾರಣದಿಂದ.

ಧ್ವನಿಯು ಬೇರೆಯಾದ ಬಗೆ

ಈ ಕಷ್ಟಕ್ಕೆ ದೊರೆತ ಪರಿಹಾರವೆಂದರೆ ಧ್ವನಿಯನ್ನೂ ಚಿತ್ರವನ್ನೂ ಎರಡು ಬೇರೆ ಯಂತ್ರಗಳಲ್ಲಿ, ಎರಡು ಬೇರೆ ಪಟ್ಟಿಗಳಲ್ಲಿ ದಾಖಲಿಸುವುದು. ದೃಶ್ಯದ ಆರಂಭದಲ್ಲಿ ಹಲಗೆಯನ್ನು 'ಟಪ್' ಎಂದು ಬಡಿಯುವ ಪದ್ಧತಿಯು ಬಂದದ್ದು ಇದಕ್ಕಾಗಿಯೇ. ಹಲಗೆ ಮುಚ್ಚಿಕೊಂಡ ಚಿತ್ರವನ್ನೂ ಆ ಸದ್ದನ್ನೂ ಎದುರುಬದುರಾಗಿ ಇರಿಸಿದರೆ, ಅಲ್ಲಿಂದ ಮುಂದಕ್ಕೆ ತುಟಿಯ ಚಲನೆ ಮತ್ತು ಮಾತು ಕೂಡಿಕೊಳ್ಳುತ್ತವೆ. ಎರಡನೆಯ ಮಹಾಯುದ್ಧದ ನಂತರ ಕಾಂತೀಯ ಟೇಪು ಬಳಕೆಗೆ ಬಂದ ಮೇಲೆ, ಧ್ವನಿಯನ್ನು ಕತ್ತರಿಸಿ ಜೋಡಿಸುವ ಕೆಲಸ ಇನ್ನಷ್ಟು ಸರಳವಾಯಿತು.

ಟೇಪನ್ನು ಕತ್ತರಿಸಲು ಕ್ಷೌರದ ಬ್ಲೇಡನ್ನು ಬಳಸುತ್ತಿದ್ದರು. ಇಂದಿನ ಸಂಕಲನ ತಂತ್ರಾಂಶಗಳಲ್ಲಿ ವಿಭಜನೆಯ ಉಪಕರಣಕ್ಕೆ ಬ್ಲೇಡಿನ ಇಲ್ಲವೇ ಕತ್ತರಿಯ ಚಿಹ್ನೆ ಇರುವುದು ಆ ಕಾಲದ ನೆನಪಾಗಿದೆ. ಅನುಭವಿಗಳು ಟೇಪನ್ನು ನೇರವಾಗಿ ಕತ್ತರಿಸದೆ 45 ಡಿಗ್ರಿ ಓರೆಯಾಗಿ ಕತ್ತರಿಸುತ್ತಿದ್ದರು. ಕಾಲು ಅಂಗುಲ ಅಗಲದ ಟೇಪು ಸೆಕೆಂಡಿಗೆ 15 ಅಂಗುಲ ವೇಗದಲ್ಲಿ ಓಡುತ್ತಿದ್ದರೆ, ಓರೆಗೆರೆಯು ಹಾದುಹೋಗಲು ಒಂದು ಸೆಕೆಂಡಿನ 60ನೆಯ ಒಂದು ಭಾಗ ಹಿಡಿಯುತ್ತದೆ. ಆ ಅಲ್ಪಾವಧಿಯಲ್ಲಿ ಒಂದು ಧ್ವನಿ ಇಳಿದು ಇನ್ನೊಂದು ಏರುತ್ತದೆ. ಜೋಡಣೆಯ ಜಾಗದಲ್ಲಿ ಕಿವಿಗೆ ಪೆಟ್ಟು ಬೀಳುವುದಿಲ್ಲ. ಈ ಸಣ್ಣ ಉಪಾಯವು ಇಂದಿಗೂ ಬೇರೆ ರೂಪದಲ್ಲಿ ಉಳಿದುಕೊಂಡಿದೆ.

ಗ್ರಾಂಟ್ ರೋಡಿಗೆ ಸಮೀಪದ ಪೆಡ್ಡರ್ ರಸ್ತೆಯಲ್ಲಿ, ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ 1948ರಿಂದ ದಶಕಗಳ ಕಾಲ ಸಾಕ್ಷ್ಯಚಿತ್ರಗಳನ್ನೂ ವಾರ್ತಾಚಿತ್ರಗಳನ್ನೂ ತಯಾರಿಸಿತು. 2022ರಲ್ಲಿ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನಗೊಂಡಿತು. ಅದೇ ಆವರಣದಲ್ಲಿ 2019ರ ಜನವರಿ 19ರಂದು ಭಾರತೀಯ ಚಲನಚಿತ್ರದ ರಾಷ್ಟ್ರೀಯ ವಸ್ತುಸಂಗ್ರಹಾಲಯವು ಉದ್ಘಾಟನೆಗೊಂಡಿತು. ಕರ್ನಾಟಕದ ಚಿತ್ರಮಂದಿರಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ಕೇಳಿಬರುತ್ತಿದ್ದ ಕನ್ನಡ ವ್ಯಾಖ್ಯಾನವು ಹಿರಿಯರ ನೆನಪಿನಲ್ಲಿ ಈಗಲೂ ಇದೆ. ಒಂದೇ ಚಿತ್ರ ಹಲವು ಭಾಷೆಗಳಲ್ಲಿ ಮಾತನಾಡಬೇಕಾದರೆ, ಸಂಗೀತ ಹಾಗೂ ಪರಿಸರದ ಸದ್ದುಗಳು ಒಂದು ಪಥದಲ್ಲಿಯೂ ಮಾತು ಇನ್ನೊಂದು ಪಥದಲ್ಲಿಯೂ ಇರಬೇಕು. ಮಾತಿನ ಪಥವನ್ನು ಮಾತ್ರ ಬದಲಾಯಿಸಿದರೆ ಹಿಂದಿಯ ಚಿತ್ರ ಕನ್ನಡದ್ದಾಗುತ್ತದೆ. ಭಾರತದಂತಹ ಬಹುಭಾಷಾ ದೇಶದಲ್ಲಿ ಧ್ವನಿಯ ವಿಭಜನೆಯು ಕೇವಲ ತಾಂತ್ರಿಕ ಅನುಕೂಲವಲ್ಲ, ಸಾರ್ವಜನಿಕ ಅಗತ್ಯವೂ ಹೌದೆಂಬುದು ಇದರಿಂದ ಮನವರಿಕೆಯಾಗುತ್ತದೆ.

ಕಂಪ್ಯೂಟರಿನಲ್ಲಿ ವಿಭಜನೆ ಎಂದರೇನು?

ಕಂಪ್ಯೂಟರಿನಲ್ಲಿ ಧ್ವನಿಯು ಅಂಕಿಗಳ ರೂಪದಲ್ಲಿರುತ್ತದೆ. ವಿಡಿಯೊ ಕೆಲಸದಲ್ಲಿ ಸಾಮಾನ್ಯವಾಗಿ ಒಂದು ಸೆಕೆಂಡಿನ ಧ್ವನಿಯನ್ನು 48,000 ಬಾರಿ ಅಳೆದು ದಾಖಲಿಸಲಾಗುತ್ತದೆ. ಭಾರತದ ದೂರದರ್ಶನ ಪದ್ಧತಿಯಂತೆ ಚಿತ್ರವು ಸೆಕೆಂಡಿಗೆ 25 ಚೌಕಟ್ಟುಗಳಲ್ಲಿ ಸಾಗಿದರೆ, ಒಂದೊಂದು ಚೌಕಟ್ಟಿನ ಅವಧಿಯಲ್ಲಿ ಧ್ವನಿಯ 1,920 ಅಳತೆಗಳು ಅಡಗಿರುತ್ತವೆ. ಚಿತ್ರವನ್ನು ಚೌಕಟ್ಟಿನ ಗಡಿಯಲ್ಲಿ ಮಾತ್ರ ವಿಭಜಿಸಬಹುದು. ಧ್ವನಿಯನ್ನು ಅದಕ್ಕಿಂತ ಬಹಳ ಸೂಕ್ಷ್ಮವಾಗಿ ವಿಭಜಿಸುವುದು ತಾತ್ವಿಕವಾಗಿ ಸಾಧ್ಯವಿದ್ದರೂ, ಹಲವು ವಿಡಿಯೊ ತಂತ್ರಾಂಶಗಳು ಧ್ವನಿಗೂ ಚೌಕಟ್ಟಿನ ಗಡಿಯನ್ನೇ ವಿಧಿಸುತ್ತವೆ. ಹೆಚ್ಚಿನ ಸೂಕ್ಷ್ಮತೆ ಬೇಕಾದಾಗ ಆಡಾಸಿಟಿಯಂತಹ ಧ್ವನಿ ಸಂಕಲನ ತಂತ್ರಾಂಶವನ್ನು ಬಳಸುವುದು ವಾಡಿಕೆ.

ಇನ್ನೊಂದು ಸಂಗತಿಯನ್ನು ಹೊಸಬರು ಮೊದಲೇ ತಿಳಿದಿರಬೇಕು. ಟೇಪನ್ನು ಕತ್ತರಿಸಿದರೆ ಟೇಪು ನಿಜವಾಗಿಯೂ ತುಂಡಾಗುತ್ತಿತ್ತು. ವಿಡಿಯೊ ತಂತ್ರಾಂಶದಲ್ಲಿ ಹಾಗಲ್ಲ. 'ಇಂತಹ ಕಡತದ ಇಷ್ಟನೆಯ ಸೆಕೆಂಡಿನಿಂದ ಇಷ್ಟನೆಯ ಸೆಕೆಂಡಿನವರೆಗೆ ನುಡಿಸು' ಎಂಬ ಸೂಚನೆಯನ್ನಷ್ಟೇ ತಂತ್ರಾಂಶವು ಬರೆದಿಟ್ಟುಕೊಳ್ಳುತ್ತದೆ. ವಿಭಜಿಸಿದಾಗ ಒಂದು ಸೂಚನೆ ಎರಡಾಗುತ್ತದೆ. ಮೂಲ ಕಡತಕ್ಕೆ ಧಕ್ಕೆಯಿಲ್ಲ. ಹೆಚ್ಚಾಗಿ ಕತ್ತರಿಸಿದ್ದು ತಿಳಿದರೆ ತುಣುಕಿನ ಅಂಚನ್ನು ಮೌಸಿನಿಂದ ಹಿಡಿದು ಹೊರಗೆಳೆದರೆ ಸಾಕು, ಮಾತು ಮರಳಿ ಬರುತ್ತದೆ. ಆದುದರಿಂದ ಕಲಿಯುವವರು ಅಂಜಬೇಕಾಗಿಲ್ಲ.

ಕಾರ್ಯಕ್ರಮ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕರಾವಳಿಯಿಂದ ಬಾಲ್ಯದಲ್ಲಿಯೇ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಓದಿದ ಹಿರಿಯರೊಬ್ಬರು, ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ತಮ್ಮ ಮನೆಯಲ್ಲಿ ಕುಳಿತು ಹಳೆಯ ದಿನಗಳನ್ನು ಹೇಳುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಮೊಮ್ಮಗಳು ಮೊಬೈಲ್ ಫೋನಿನಲ್ಲಿ ಅದನ್ನು ಚಿತ್ರೀಕರಿಸಿದ್ದಾಳೆ. ಅರ್ಧ ಗಂಟೆಯ ಮಾತಿನಲ್ಲಿ ಹಲವು ಬಾರಿ ಲೋಕಲ್ ರೈಲಿನ ಸದ್ದು, ಎರಡು ಬಾರಿ ಕೆಮ್ಮು, ಒಮ್ಮೆ ಬಾಗಿಲಿನ ಗಂಟೆ. ಇದನ್ನು ಹತ್ತು ನಿಮಿಷಕ್ಕೆ ಇಳಿಸಬೇಕಾಗಿದೆ. ಅನುಸರಿಸಬೇಕಾದ ಕ್ರಮ ಹೀಗಿದೆ :

1. ಮೂಲ ಕಡತದ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಟ್ಟು, ಇನ್ನೊಂದು ಪ್ರತಿಯನ್ನು ತಂತ್ರಾಂಶದ ಕಾಲಪಟ್ಟಿಯ ಮೇಲೆ ಇರಿಸಬೇಕು. ಚಿತ್ರವು ಮೇಲಿನ ಪಥದಲ್ಲಿಯೂ ಧ್ವನಿಯು ಕೆಳಗಿನ ಪಥದಲ್ಲಿಯೂ ಕಾಣಿಸುತ್ತವೆ. ಒಂದೇ ತುಣುಕಾಗಿ ಕಂಡರೆ ಧ್ವನಿಯನ್ನು ಬೇರ್ಪಡಿಸುವ ಆಯ್ಕೆಯನ್ನು ಬಳಸಬೇಕು.

2. ಒಮ್ಮೆ ಪೂರ್ತಿಯಾಗಿ ಕೇಳಬೇಕು. ಏನನ್ನೂ ಕತ್ತರಿಸದೆ, ಕಾಗದದ ಮೇಲೆ ನಿಮಿಷ ಸೆಕೆಂಡುಗಳನ್ನು ಗುರುತು ಹಾಕಿಕೊಳ್ಳಬೇಕು. ಈ ಹಂತವನ್ನು ಬಿಟ್ಟವರು ಮುಂದೆ ಎರಡರಷ್ಟು ಕಾಲ ವ್ಯಯಿಸುತ್ತಾರೆ.

3. ಧ್ವನಿಯ ಅಲೆಗಳು ಸ್ಪಷ್ಟವಾಗಿ ಕಾಣುವಂತೆ ಕಾಲಪಟ್ಟಿಯನ್ನು ಹಿಗ್ಗಿಸಿ, ಸೂಚಿಗೆರೆಯನ್ನು ಬೇಕಾದ ಸ್ಥಳಕ್ಕೆ ತರಬೇಕು. ಉಬ್ಬಿದ ಅಲೆ ಮಾತು. ತೆಳುವಾದ ಗೆರೆ ಮೌನ.

4. ಚಿತ್ರವನ್ನು ಹಾಗೆಯೇ ಬಿಟ್ಟು ಧ್ವನಿಯನ್ನು ಮಾತ್ರ ವಿಭಜಿಸಬೇಕಾದರೆ, ಎರಡರ ನಡುವಿನ ಕೊಂಡಿಯನ್ನು ಮೊದಲು ಬಿಡಿಸಬೇಕು. ಇಲ್ಲವಾದರೆ ಚಿತ್ರವೂ ತುಂಡಾಗುತ್ತದೆ.

5. ವಿಭಜನೆಯ ಆಜ್ಞೆ ನೀಡಬೇಕು. ಉಚಿತವಾಗಿ ದೊರೆಯುವ ಶಾಟ್‌ಕಟ್ ತಂತ್ರಾಂಶದಲ್ಲಿ 'ಎಸ್' ಕೀಲಿ; ಕೆಡೆನ್‌ಲೈವ್‌ನಲ್ಲಿ ಶಿಫ್ಟ್ ಮತ್ತು 'ಆರ್'; ಪ್ರೀಮಿಯರ್ ಪ್ರೋದಲ್ಲಿ ಕಂಟ್ರೋಲ್ ಮತ್ತು 'ಕೆ'; ಆಡಾಸಿಟಿಯಲ್ಲಿ ಕಂಟ್ರೋಲ್ ಮತ್ತು 'ಐ'.

6. ಬೇಡವಾದ ತುಣುಕನ್ನು ಅಳಿಸುವಾಗ ಎಚ್ಚರ ಬೇಕು. ಅಳಿಸಿದ ಜಾಗವನ್ನು ಖಾಲಿ ಬಿಡುವುದು ಒಂದು ವಿಧಾನ. ಮುಂದಿನದೆಲ್ಲವೂ ಹಿಂದಕ್ಕೆ ಸರಿದು ಜಾಗ ತುಂಬಿಕೊಳ್ಳುವುದು ಇನ್ನೊಂದು ವಿಧಾನ. ಧ್ವನಿಯನ್ನು ಮಾತ್ರ ಅಳಿಸುವಾಗ ಎರಡನೆಯ ವಿಧಾನವನ್ನು ಬಳಸಿದರೆ, ಅಲ್ಲಿಂದ ಕೊನೆಯವರೆಗೆ ಮಾತು ತುಟಿಗಿಂತ ಮುಂದಾಗಿ ಹೋಗುತ್ತದೆ. ಹೊಸಬರು ಮಾಡುವ ತಪ್ಪುಗಳಲ್ಲಿ ಇದು ಮುಖ್ಯವಾದುದು.

ಮೌನಕ್ಕೂ ಒಂದು ಧ್ವನಿಯಿದೆ

ಕೆಮ್ಮನ್ನು ತೆಗೆದ ಜಾಗವನ್ನು ಖಾಲಿ ಬಿಟ್ಟರೆ ಕೇಳುಗನಿಗೆ ಸೌಂಡೇ ಕೆಟ್ಟುಹೋದಂತೆ ಭಾಸವಾಗುತ್ತದೆ. ಕಾರಣವೇನೆಂದರೆ ಯಾವ ಕೋಣೆಯೂ ನಿಶ್ಶಬ್ದವಾಗಿರುವುದಿಲ್ಲ. ಫ್ಯಾನಿನ ಗುಂಯ್‌ಗುಡುವಿಕೆ, ಬೀದಿಯ ದೂರದ ಗದ್ದಲ, ಪಕ್ಕದ ಮನೆಯ ನಲ್ಲಿಯ ನೀರು ಇವೆಲ್ಲ ಸೇರಿ ಆ ಕೋಣೆಯ ಮೌನವಾಗಿರುತ್ತದೆ. ಆದುದರಿಂದ ಚಿತ್ರೀಕರಣ ಮುಗಿದ ಮೇಲೆ, ಯಾರೂ ಮಾತನಾಡದೆ ಸುಮಾರು ಒಂದು ನಿಮಿಷ ಕೋಣೆಯ ಧ್ವನಿಯನ್ನಷ್ಟೇ ದಾಖಲಿಸಿಕೊಳ್ಳುವುದು ಉತ್ತಮ. ಕತ್ತರಿಸಿದ ಜಾಗಗಳಲ್ಲಿ ಇದರ ತುಣುಕುಗಳನ್ನು ಇರಿಸಿದರೆ ತೇಪೆ ಹಾಕಿದ್ದು ಗೊತ್ತಾಗುವುದಿಲ್ಲ.

ಜೋಡಣೆಯ ಜಾಗದಲ್ಲಿ 'ಟಪ್' ಎಂಬ ಸದ್ದು ಕೇಳಿಸಿದರೆ ಅದಕ್ಕೂ ಕಾರಣವಿದೆ. ಧ್ವನಿಯ ಅಲೆ ಏರಿಳಿಯುತ್ತ ನಡುಗೆರೆಯನ್ನು ಮತ್ತೆ ಮತ್ತೆ ದಾಟುತ್ತದೆ. ಅಲೆ ನಡುಗೆರೆಯಿಂದ ದೂರವಿದ್ದಾಗ ಕತ್ತರಿಸಿದರೆ, ಮುಂದಿನ ತುಣುಕಿನ ಅಲೆ ಬೇರೊಂದು ಎತ್ತರದಿಂದ ಆರಂಭವಾಗಿ ಹಠಾತ್ ನೆಗೆತ ಉಂಟಾಗುತ್ತದೆ. ಕಿವಿಗೆ ಅದು ಸದ್ದಾಗಿ ಕೇಳಿಸುತ್ತದೆ. ಅಲೆ ನಡುಗೆರೆಯನ್ನು ದಾಟುವ ಬಿಂದುವಿನಲ್ಲಿ ಕತ್ತರಿಸುವುದು ಇದಕ್ಕೆ ಒಂದು ಪರಿಹಾರ. ಹಿಂದಿನ ತುಣುಕು ಇಳಿಯುತ್ತಿರುವಾಗಲೇ ಮುಂದಿನದು ಏರುವಂತೆ, ಒಂದು ಚೌಕಟ್ಟಿನಷ್ಟು ಅವಧಿಯಲ್ಲಿ ಎರಡನ್ನೂ ಬೆರೆಸುವುದು ಇನ್ನೊಂದು. ಟೇಪನ್ನು ಓರೆಯಾಗಿ ಕತ್ತರಿಸುತ್ತಿದ್ದವರು ಮಾಡಿದ್ದೂ ಇದನ್ನೇ.

ರೈಲಿನ ಸದ್ದಿನ ವಿಷಯದಲ್ಲಿ ವಿಭಜನೆಗೆ ಒಂದು ಮಿತಿಯಿದೆ. ಎರಡು ವಾಕ್ಯಗಳ ನಡುವೆ ರೈಲು ಬಂದಿದ್ದರೆ ಆ ಭಾಗವನ್ನು ತೆಗೆದು ಕೋಣೆಯ ಧ್ವನಿಯನ್ನು ತುಂಬಬಹುದು. ಮಾತಿನ ಅಡಿಯಲ್ಲಿಯೇ ರೈಲು ಓಡುತ್ತಿದ್ದರೆ, ಎಷ್ಟು ತುಂಡು ಮಾಡಿದರೂ ಅವೆರಡೂ ಬೇರೆಯಾಗುವುದಿಲ್ಲ. ಸದ್ದನ್ನು ತಗ್ಗಿಸುವ ತಂತ್ರಾಂಶಗಳು ಸ್ವಲ್ಪ ಮಟ್ಟಿಗೆ ನೆರವಾದರೂ, ಅತಿಯಾಗಿ ಬಳಸಿದರೆ ಮಾತು ಡಬ್ಬದೊಳಗಿನಿಂದ ಬಂದಂತಾಗುತ್ತದೆ. ರೈಲು ಹೋಗುವವರೆಗೆ ಹಿರಿಯರನ್ನು ಒಂದು ಕ್ಷಣ ತಡೆಯುವಂತೆ ಕೇಳಿಕೊಳ್ಳುವುದೇ ಸರಿಯಾದ ಉಪಾಯ. 1931ಕ್ಕೂ ಇಂದಿಗೂ ಈ ಒಂದು ವಿಷಯದಲ್ಲಿ ಹೆಚ್ಚಿನ ಅಂತರವಿಲ್ಲ.

ಕನ್ನಡದ ಮಾತನ್ನು ಕತ್ತರಿಸುವಾಗ

ವಿದೇಶೀ ಪಠ್ಯಗಳಲ್ಲಿ ದೊರೆಯದ, ಕನ್ನಡಕ್ಕೆ ವಿಶಿಷ್ಟವಾದ ಕೆಲವು ಎಚ್ಚರಿಕೆಗಳನ್ನು ಇಲ್ಲಿ ಹೇಳುವುದು ಅವಶ್ಯ.

ಮೊದಲನೆಯದಾಗಿ, ಕನ್ನಡದ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುತ್ತವೆ. 'ಬಂದೆ', 'ನೋಡಿದೆ', 'ಊರು' ಎನ್ನುವಾಗ ಕೊನೆಯ ಸ್ವರ ಮೆಲ್ಲಗೆ ಕರಗುತ್ತದೆ. ಪರದೆಯ ಮೇಲೆ ಅಲೆ ತೆಳುವಾದಂತೆ ಕಂಡರೂ ಮಾತು ಇನ್ನೂ ಮುಗಿದಿರುವುದಿಲ್ಲ. ಕಣ್ಣನ್ನು ನಂಬಿ ಕತ್ತರಿಸಿದರೆ 'ಬಂದೆ' ಎಂಬುದು 'ಬಂದ್' ಎಂದಾಗುತ್ತದೆ. ಕನ್ನಡದಲ್ಲಿ 'ಬಂದೆ', 'ಬಂದ', 'ಬಂದು' ಇವುಗಳ ಅರ್ಥವ್ಯತ್ಯಾಸವೆಲ್ಲ ಆ ಕೊನೆಯ ಸ್ವರದಲ್ಲಿಯೇ ಇದೆ. ಆದುದರಿಂದ ಅಲೆ ಮುಗಿದಂತೆ ಕಂಡ ಮೇಲೆಯೂ ಕೆಲವು ಚೌಕಟ್ಟುಗಳನ್ನು ಬಿಟ್ಟು ಕತ್ತರಿಸಬೇಕು.

ಎರಡನೆಯದಾಗಿ, ಹಲವು ಒತ್ತಕ್ಷರಗಳ ಒಳಗೆ ಒಂದು ಮೌನವಿರುತ್ತದೆ. 'ಕತ್ತೆ' ಎನ್ನುವಾಗ ನಾಲಗೆ ಹಲ್ಲಿಗೆ ತಗುಲಿ ಕ್ಷಣಕಾಲ ಉಸಿರು ನಿಲ್ಲುತ್ತದೆ, ಅನಂತರ ಬಿಡುಗಡೆಯಾಗುತ್ತದೆ. 'ಕತೆ' ಎನ್ನುವಾಗ ಆ ನಿಲುಗಡೆ ಚಿಕ್ಕದು. ಇವೆರಡು ಪದಗಳನ್ನು ಬೇರೆ ಮಾಡುವುದು ಮುಖ್ಯವಾಗಿ ಈ ಮೌನದ ಉದ್ದ. ಇತ್ತೀಚಿನ ತಂತ್ರಾಂಶಗಳಲ್ಲಿ ಮೌನದ ಭಾಗಗಳನ್ನು ತಾನೇ ಹುಡುಕಿ ತೆಗೆದುಹಾಕುವ ಸೌಲಭ್ಯವಿರುತ್ತದೆ. ಅದಕ್ಕೆ ತೀರಾ ಚಿಕ್ಕ ಅವಧಿಯನ್ನು ನಿಗದಿಪಡಿಸಿದರೆ, ಒತ್ತಕ್ಷರದ ಮೌನವನ್ನೂ ಅದು ನುಂಗಿಬಿಡುತ್ತದೆ. ಅರ್ಧ ಸೆಕೆಂಡಿಗಿಂತ ಕಡಿಮೆಯ ಮೌನವನ್ನು ಯಂತ್ರದ ಕೈಗೆ ಒಪ್ಪಿಸದಿರುವುದು ಕ್ಷೇಮ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಕನ್ನಡದಲ್ಲಿ ಕ್ರಿಯಾಪದವೂ ನಿಷೇಧವೂ ವಾಕ್ಯದ ಕೊನೆಯಲ್ಲಿ ಬರುತ್ತವೆ. ಆ ಹಿರಿಯರು "ಹೋಟೆಲ್ ಕೆಲಸ ನನಗೆ ಇಷ್ಟವಾಗಿತ್ತು ಅಂತ ಹೇಳಲಾರೆ" ಎಂದಿದ್ದಾರೆ ಎಂದು ಭಾವಿಸೋಣ. 'ಇಷ್ಟವಾಗಿತ್ತು' ಎಂಬಲ್ಲಿ ಒಂದು ಸಣ್ಣ ಉಸಿರಿನ ಬಿಡುವು ಇದೆ. ಸಮಯ ಉಳಿಸುವ ಆತುರದಲ್ಲಿ ಅಲ್ಲಿಯೇ ಕತ್ತರಿಸಿದರೆ ಉಳಿಯುವುದು "ಹೋಟೆಲ್ ಕೆಲಸ ನನಗೆ ಇಷ್ಟವಾಗಿತ್ತು" ಎಂಬ ವಾಕ್ಯ. ವ್ಯಾಕರಣದಲ್ಲಿ ದೋಷವಿಲ್ಲ, ಧ್ವನಿಯೂ ಅವರದೇ, ತುಟಿಯೂ ಹೊಂದುತ್ತದೆ. ಆದರೆ ಅದು ಅವರು ಹೇಳಿದ ಮಾತಲ್ಲ. ಅದಕ್ಕೆ ತದ್ವಿರುದ್ಧವಾದ ಮಾತು. ಇಂಗ್ಲಿಷಿನಲ್ಲಿ ನಿಷೇಧವು ಸಾಮಾನ್ಯವಾಗಿ ವಾಕ್ಯದ ಮೊದಲ ಭಾಗದಲ್ಲಿಯೇ ಬರುವುದರಿಂದ, ಬಾಲ ಕತ್ತರಿಸಿದ ವಾಕ್ಯ ಬಹುಮಟ್ಟಿಗೆ ಅಪೂರ್ಣವಾಗಿ ಕಾಣಬಹುದು. ಕನ್ನಡದಲ್ಲಿ ಅದು ಪೂರ್ಣವಾಗಿಯೇ ಕಂಡು ಮೋಸ ಮಾಡುತ್ತದೆ. ಆರೋಗ್ಯ, ಕೃಷಿ, ಕಾನೂನು ಮುಂತಾದ ವಿಷಯಗಳ ಮಾಹಿತಿಚಿತ್ರಗಳಲ್ಲಿ ಇಂತಹ ಒಂದು ವಿಭಜನೆಯಿಂದ ಆಗಬಹುದಾದ ಹಾನಿ ಅಲ್ಪವಲ್ಲ. 'ಮಾಡಬೇಕು ಎಂದೇನಿಲ್ಲ' ಎಂಬುದು 'ಮಾಡಬೇಕು' ಎಂದಾಗಲು ಅರ್ಧ ಸೆಕೆಂಡು ಸಾಕು.

ಇದಕ್ಕೆ ಸರಳವಾದ ಒಂದು ನಿಯಮವಿದೆ. ವಾಕ್ಯದ ಕೊನೆಯ ಕ್ರಿಯಾಪದ ಮುಗಿದು, ಮಾತನಾಡುವವರು ಮುಂದಿನ ಉಸಿರನ್ನು ಎಳೆದುಕೊಳ್ಳುವ ಮೊದಲು ಕತ್ತರಿಸಬೇಕು. ಸಂಕಲನ ಮುಗಿದ ಮೇಲೆ ಸಾಧ್ಯವಾದರೆ ಮಾತನಾಡಿದವರಿಗೇ ಒಮ್ಮೆ ಕೇಳಿಸಿ, ಮಾತು ತಮ್ಮದೇ ಹೌದೆಂದು ಅವರು ಒಪ್ಪಿದ ಅನಂತರವೇ ಹೊರಗೆ ನೀಡಬೇಕು.

ಧ್ವನಿ ಮೊದಲು, ಚಿತ್ರ ಅನಂತರ

ಧ್ವನಿ ಮತ್ತು ಚಿತ್ರಗಳನ್ನು ಒಂದೇ ಬಿಂದುವಿನಲ್ಲಿ ಕತ್ತರಿಸಬೇಕೆಂಬ ನಿಯಮವಿಲ್ಲ. ಹಿರಿಯರು ರಾತ್ರಿಶಾಲೆಯ ವಿಷಯವನ್ನು ಆರಂಭಿಸುವ ಮಾತು, ಹಿಂದಿನ ದೃಶ್ಯವಾದ ಬೀದಿಯ ಚಿತ್ರದ ಮೇಲೆಯೇ ಕೇಳಿಬಂದು, ಒಂದು ಸೆಕೆಂಡಿನ ಬಳಿಕ ಅವರ ಮುಖ ಕಾಣಿಸಿಕೊಂಡರೆ ಪ್ರೇಕ್ಷಕನ ಗಮನ ಮೊದಲೇ ಅತ್ತ ಸೆಳೆಯಲ್ಪಡುತ್ತದೆ. ಇದಕ್ಕೆ ವಿರುದ್ಧವಾಗಿ, ಅವರ ಮಾತು ಮುಂದುವರಿಯುತ್ತಿರುವಾಗಲೇ ಚಿತ್ರದಲ್ಲಿ ಹಳೆಯ ಛಾಯಾಚಿತ್ರವೊಂದನ್ನು ತೋರಿಸಬಹುದು. ಚಿತ್ರವು ಮುಖದಿಂದ ಬೇರೆಡೆಗೆ ಹೋಗಿರುವಾಗ ಧ್ವನಿಯ ತೇಪೆಗಳನ್ನು ಅದರ ಮರೆಯಲ್ಲಿ ಹಾಕುವ ಅನುಕೂಲವೂ ಇದರಿಂದ ದೊರೆಯುತ್ತದೆ. ಒಂದೇ ಪಟ್ಟಿಯ ಕಾಲದಲ್ಲಿ ತೊಂದರೆಯಾಗಿದ್ದ ಧ್ವನಿ ಮತ್ತು ಚಿತ್ರದ ಅಂತರವು, ಇಂದು ಸಂಕಲನಕಾರನ ಕೈಯಲ್ಲಿ ಉಪಯುಕ್ತ ಸಾಧನವಾಗಿದೆ.

ಮೂಲದ ರಕ್ಷಣೆ

'ಆಲಂ ಆರಾ' ಚಿತ್ರದ ಒಂದು ಪ್ರತಿಯೂ ಇಂದು ಉಳಿದಿರುವುದು ತಿಳಿದುಬಂದಿಲ್ಲ. ಛಾಯಾಚಿತ್ರಗಳೂ ಜಾಹೀರಾತುಗಳೂ ಉಳಿದಿವೆ. ಅದರಲ್ಲಿ ಫಕೀರನ ಪಾತ್ರ ವಹಿಸಿ ಹಾಡಿದ ಡಬ್ಲ್ಯು. ಎಂ. ಖಾನ್ ಅವರ ಹೆಸರೂ ಉಳಿದಿದೆ. ಆದರೆ ನಿದ್ದೆಗೆಟ್ಟು ದಾಖಲಿಸಿದ ಆ ಚಿತ್ರದ ಧ್ವನಿ ಉಳಿದಿಲ್ಲ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದ ಗತಿಯೂ ಇದೇ ಆಗಿದೆ. ಕತ್ತರಿಸುವುದರಿಂದ ಆಗದ ನಷ್ಟವು ಕಾಪಾಡದಿರುವುದರಿಂದ ಆಗುತ್ತದೆ.

ಹತ್ತು ನಿಮಿಷದ ಚಿತ್ರ ಸಿದ್ಧವಾದ ಮೇಲೆ, ಅರ್ಧ ಗಂಟೆಯ ಮೂಲ ದಾಖಲೆಯ ಅಗತ್ಯವಿಲ್ಲವೆಂದು ಫೋನಿನಿಂದ ಅಳಿಸಿಬಿಡುವವರು ಬಹಳ. ಅದು ಸಲ್ಲದು. ಮೂಲ ಕಡತವನ್ನು ಕನಿಷ್ಠ ಎರಡು ಬೇರೆ ಬೇರೆ ಸಾಧನಗಳಲ್ಲಿ, ಸಾಧ್ಯವಾದರೆ ಎರಡು ಬೇರೆ ಮನೆಗಳಲ್ಲಿ ಇಡಬೇಕು. ಕಡತದ ಹೆಸರಿನಲ್ಲಿ ಮಾತನಾಡಿದವರ ಹೆಸರು, ಊರು ಮತ್ತು ದಿನಾಂಕವನ್ನು ನಮೂದಿಸಬೇಕು. ಇಂದು ಬೇಡವೆಂದು ತೆಗೆದ ಕೆಮ್ಮು, ತಡವರಿಕೆ, ನಡುವೆ ಹಾದುಹೋದ ಲೋಕಲ್ ರೈಲಿನ ಸದ್ದು ಇವೆಲ್ಲವೂ ಮುಂದೊಂದು ದಿನ ಆ ಮನೆಯವರಿಗೆ ಬೇಕಾಗಬಹುದು. ಅಂದು ಕೇಳಬೇಕೆನಿಸಿದವರಿಗೆ ಕೇಳುವ ಅವಕಾಶ ಇರುವಂತೆ ನೋಡಿಕೊಳ್ಳುವುದು ಸಂಕಲನಕಾರನ ಕೆಲಸದ ಕೊನೆಯ ಭಾಗವಾಗಿದೆ.